ಅನುಪಲಬ್ಧಿಯೂ ಲೈನ್‌ಮನ್ನನ ಟೆಸ್ಟ್ ಸೆಟ್ಟೂ

ಒಂದು ವಸ್ತು ಇಲ್ಲವೆಂಬ ಅರಿವು ಯಾವ ಪ್ರಮಾಣದಿಂದ ಹುಟ್ಟುತ್ತದೆ ಎಂಬುದು ಭಾರತೀಯ ದರ್ಶನಗಳ ಹಳೆಯ ವಿವಾದಗಳಲ್ಲಿ ಒಂದು. ಮೀಮಾಂಸಕನಾದ ಕುಮಾರಿಲ ಭಟ್ಟನೂ ಈ ವಿಷಯದಲ್ಲಿ ಅವನನ್ನು ಅನುಸರಿಸಿದ ಅದ್ವೈತಿಗಳೂ ಇದಕ್ಕಾಗಿ ಅನುಪಲಬ್ಧಿ, ಅಂದರೆ ತೋರದಿರುವಿಕೆ, ಎಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ನೈಯಾಯಿಕರು ಅಭಾವವೂ ಪ್ರತ್ಯಕ್ಷಕ್ಕೇ ಗೋಚರವೆಂದರು. ಮಾಧ್ವ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರನ್ನೇ ಉಳಿಸಿಕೊಂಡು ಅನುಪಲಬ್ಧಿಯನ್ನು ಬೇರೆಯಾಗಿ ಎಣಿಸಲಿಲ್ಲ. ಆದರೆ ಭಾಟ್ಟರೂ ಅದ್ವೈತಿಗಳೂ ನೈಯಾಯಿಕರೂ ಒಂದು ನಿಬಂಧನೆಯಲ್ಲಿ ಕೂಡುತ್ತಾರೆ: ಬರಿಯ ತೋರದಿರುವಿಕೆ ಸಾಲದು, ‘ಇದ್ದಿದ್ದರೆ ತೋರಲೇಬೇಕಿತ್ತು’ ಎನ್ನಬಹುದಾದ ಯೋಗ್ಯತೆ ಅಲ್ಲಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅದು ಇಲ್ಲವೆಂದು ಹೇಳಬಹುದು. ಕತ್ತಲಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು.

ಈ ನಿಬಂಧನೆಯನ್ನು ದಿನನಿತ್ಯ ಪಾಲಿಸುವವನು ತಾಮ್ರದ ತಂತಿಯ ದೂರವಾಣಿಯನ್ನು ದುರಸ್ತಿ ಮಾಡುವ ಲೈನ್‌ಮನ್. ಅವನ ಕೈಯ ಟೆಸ್ಟ್ ಸೆಟ್ ಎಂದರೆ ಕಿವಿಗೂ ಬಾಯಿಗೂ ಹಿಡಿಯುವ ರಿಸೀವರಿನ ಆಕಾರದ, ಎರಡು ಕ್ಲಿಪ್ಪುಗಳಿಂದ ಜೋಡಿ ತಂತಿಯನ್ನು ಕಚ್ಚಿ ಹಿಡಿಯುವ ಒಂದು ಸಂಚಾರಿ ಫೋನು. ಅದರಲ್ಲಿ ಎರಡು ಸ್ಥಿತಿಗಳಿರುತ್ತವೆ. ‘ಮಾನಿಟರ್’ ಸ್ಥಿತಿಯಲ್ಲಿ ಅದು ನೇರ ವಿದ್ಯುತ್ತನ್ನು ತನ್ನೊಳಗೆ ಹರಿಯಗೊಡದೆ ಕೇಳಿಸಿಕೊಳ್ಳುತ್ತದಷ್ಟೆ; ಲೈನಿನಲ್ಲಿ ಯಾರಾದರೂ ಮಾತನಾಡುತ್ತಿದ್ದರೆ ಅವರ ಮಾತು ಕೆಡದಿರಲೆಂದು ಮೊದಲು ಹೀಗೆ ಕಿವಿಗೊಡುವುದು ವಾಡಿಕೆ. ‘ಟಾಕ್’ ಸ್ಥಿತಿಯಲ್ಲಿ ಅದು ರಿಸೀವರ್ ಎತ್ತಿದ ಫೋನಿನಂತೆ ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುತ್ತದೆ. ಆಗ ವಿದ್ಯುತ್ ಹರಿದು, ತಂತಿಯ ಮೇಲೆ ಸುಮಾರು 48 ವೋಲ್ಟ್ ಇದ್ದ ಒತ್ತಡ ಸಾಮಾನ್ಯವಾಗಿ 10 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ, ಮತ್ತು ಅದನ್ನು ಗುರುತಿಸಿದ ಎಕ್ಸ್‌ಚೇಂಜು ಡಯಲ್ ಟೋನನ್ನು ಕಳುಹಿಸುತ್ತದೆ.

ಆದ್ದರಿಂದ ಯಾರೂ ಮಾತನಾಡದಿರುವಾಗ ಮಾನಿಟರ್ ಸ್ಥಿತಿಯಲ್ಲಿ ಒಳ್ಳೆಯ ಲೈನೂ ಮೌನವಾಗಿಯೇ ಇರುತ್ತದೆ. ಆ ಮೌನದಿಂದ ಲೈನು ಸತ್ತಿದೆಯೆಂದು ತೀರ್ಮಾನಿಸುವುದು ಕತ್ತಲಲ್ಲಿ ಗಡಿಗೆಯಿಲ್ಲವೆಂದಂತೆ. ಟಾಕ್ ಸ್ಥಿತಿಯ ಮೌನವೂ ತಾನೇ ತಾನಾಗಿ ಪ್ರಮಾಣವಲ್ಲ, ಏಕೆಂದರೆ ಕ್ಲಿಪ್ಪಿನ ಹಲ್ಲು ಕಿಲುಬನ್ನು ದಾಟದೆ ನಿಂತಿರಬಹುದು, ಸೆಟ್ಟಿನ ತಂತಿಯೇ ಒಳಗೆ ತುಂಡಾಗಿರಬಹುದು, ಹಿಡಿದ ಜೋಡಿಯೇ ಬೇರೆಯದಿರಬಹುದು. ಬಲ್ಲವನು ಅದೇ ಸೆಟ್ಟನ್ನು ನಡೆಯುತ್ತಿರುವ ಇನ್ನೊಂದು ಜೋಡಿಗೆ ಹಾಕಿ, ಟೋನ್ ಕೇಳಿಸಿದ ಮೇಲೆಯೇ ಮೊದಲಿನ ಮೌನವನ್ನು ನಂಬುತ್ತಾನೆ. ಬಳಿಕ ಬೀದಿಬದಿಯ ಸಂಪರ್ಕಪೆಟ್ಟಿಗೆಯಾದ ಪಿಲ್ಲರಿನಲ್ಲಿ ಟೋನ್ ಇದ್ದು, ಮನೆಗಳಿಗೆ ತಂತಿ ಹಂಚುವ ಕಂಬದ ಡಿಪಿ ಪೆಟ್ಟಿಗೆಯಲ್ಲಿ ಇಲ್ಲವಾದರೆ, ದೋಷವು ಆ ಎರಡರ ನಡುವೆ ಇದೆಯೆಂದು ಅರಿಯುತ್ತಾನೆ. ಹೀಗೆ ಪರೀಕ್ಷೆಗೆ ಒಳಗಾದ ಇಲ್ಲದಿರುವಿಕೆಯು ದೋಷದ ನೆಲೆಯನ್ನೇ ತೋರಿಸುವ ಅರಿವಾಗುತ್ತದೆ.

ಇದೇ ತರ್ಕ ದೇವರ ಮೌನಕ್ಕೂ ಅನ್ವಯಿಸುತ್ತದೆಯೆ ಎಂಬುದು ನೈಯಾಯಿಕನಾದ ಉದಯನಾಚಾರ್ಯನ ‘ನ್ಯಾಯಕುಸುಮಾಂಜಲಿ’ ಎದುರಿಸಿದ ಪ್ರಶ್ನೆ. ಕಾಣದ್ದೆಲ್ಲ ಇಲ್ಲವೆನ್ನುವುದಾದರೆ ಪ್ರತ್ಯಕ್ಷವೊಂದನ್ನೇ ನಂಬುವ ಚಾರ್ವಾಕನು ಮನೆಯಿಂದ ಹೊರಬಿದ್ದೊಡನೆ ಹೆಂಡತಿ ಮಕ್ಕಳು ಇಲ್ಲವಾದರೆಂದು ಅಳಬೇಕಾದೀತು ಎಂದು ಅವನು ಪರಿಹಾಸ ಮಾಡಿ, ಇಂದ್ರಿಯಕ್ಕೆ ಯೋಗ್ಯನಲ್ಲದ ಈಶ್ವರನನ್ನು ಅನುಪಲಬ್ಧಿಯಿಂದ ಅಲ್ಲಗಳೆಯಲಾಗದೆಂದು ವಾದಿಸಿದನು. ವಾದ ಗಟ್ಟಿಯಾದುದೇ, ಆದರೆ ಅದರ ಫಲ ಮಿತವಾದುದು: ಅದು ನಿರಾಕರಣೆಯನ್ನು ತಡೆಯುತ್ತದೆಯೇ ಹೊರತು ಇರುವಿಕೆಯನ್ನು ಸಾಧಿಸುವುದಿಲ್ಲ, ಮತ್ತು ಆ ಸಾಧನೆಗಾಗಿ ಉದಯನನೇ ಬೇರೆ ಅನುಮಾನಗಳನ್ನು ಹೂಡಬೇಕಾಯಿತು. ಕರೆದವರಿಗೆಲ್ಲ ದೇವರು ತಪ್ಪದೆ ಓಗೊಡುತ್ತಾನೆಂದು ಸಾರುವ ಭಕ್ತನಿಗೆ ಮಾತ್ರ ಈ ಆಸರೆ ದೊರೆಯದು. ಉತ್ತರವು ಕೇಳಿಸಲೇಬೇಕೆಂದು ಒಪ್ಪಿದವನು ಯೋಗ್ಯತೆಯನ್ನೂ ಒಪ್ಪಿದಂತಾಯಿತು, ಆಮೇಲೆ ಮೌನದ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ.

ಹಾಗಾಗಿ ಮೌನವನ್ನು ಮುಂದಿಟ್ಟು ಇಲ್ಲವೆನ್ನುವವನಿಗೂ, ಮೌನವನ್ನು ಕಡೆಗಣಿಸಿ ಇದೆಯೆನ್ನುವವನಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಕೇಳುವ ಸಾಧನವನ್ನು ಮೊದಲು ಪರೀಕ್ಷಿಸಲಾಗಿದೆಯೆ? ನಡೆಯುವ ಲೈನಿಗೆ ಸೆಟ್ಟನ್ನು ಹಾಕಿ ನೋಡದವನು ‘ಡೆಡ್’ ಎಂದು ಬರೆದುಕೊಟ್ಟರೆ ಆ ವರದಿಗೆ ಬೆಲೆಯಿಲ್ಲ.