ಕನಸಿನ ಖರ್ಚು ಯಾರ ಲೆಕ್ಕಕ್ಕೆ?

ಮನೆಯಲ್ಲೊಬ್ಬರು ಕನಸು ಕಂಡರೆ ಅದರ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಈ ಪ್ರಶ್ನೆಯನ್ನು ನನ್ನ ತಲೆಯಲ್ಲಿ ಹುಟ್ಟಿಸಿದ್ದು ಹೋವರ್‌ಕ್ರಾಫ್ಟ್ ಎಂಬ ವಾಹನ. ನೀರಿರಲಿ ನೆಲವಿರಲಿ, ತಾನೇ ಊದಿಕೊಂಡ ಗಾಳಿಯ ದಿಂಬಿನ ಮೇಲೆ ಅದು ತೇಲಿ ಸಾಗುತ್ತದೆ. ಆ ಗಾಳಿ ಬೇಗ ಸೋರಿಹೋಗದಂತೆ ಸುತ್ತಲೂ ರಬ್ಬರಿನ ಅಂಚನ್ನು ಇಳಿಬಿಟ್ಟಿರುತ್ತಾರೆ. ಇಂಗ್ಲಿಷಿನವರು ಅದಕ್ಕೆ ಸ್ಕರ್ಟ್ ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಪರಕಾರ ಎನ್ನೋಣ. ಪರದೇಶಗಳಲ್ಲಿ ಹವ್ಯಾಸಿಗಳು ಪ್ಲೈವುಡ್ಡು, ಹಳೆಯ ಎಂಜಿನ್ನು ಕೂಡಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಇದನ್ನು ಕಟ್ಟುತ್ತಾರೆ. ಚಿಮ್ಮಡದಂಥ ನಮ್ಮ ಊರುಗಳಲ್ಲಿ ಗ್ಯಾರೇಜ್ ಎಂದರೆ ಗಾಡಿ ರಿಪೇರಿಯ ಅಂಗಡಿ. ಕನಸಿಗೆಂದೇ ಬಿಟ್ಟ ಕೋಣೆ ನಮ್ಮ ಮನೆಗಳಲ್ಲಿ ಎಲ್ಲಿದೆ?

ಆದರೆ ಈ ವಾಹನದ ಹುಟ್ಟು ನೋಡಿದರೆ ಅಡುಗೆಮನೆಯ ಸಾಮಾನುಗಳೇ ಕಾಣುತ್ತವೆ. 1955ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಕ್ರಿಸ್ಟೋಫರ್ ಕಾಕರೆಲ್ ಬೆಕ್ಕಿನ ತಿನಿಸಿನ ಡಬ್ಬಿಯನ್ನು ಕಾಫಿ ಡಬ್ಬಿಯೊಳಗೆ ಇಟ್ಟರು. ಎರಡರ ನಡುವಿನ ಸಂದಿಯಿಂದ ಗಾಳಿ ಊದಿದರು. ಕೆಳಗೆ ಅಡುಗೆಮನೆಯ ತಕ್ಕಡಿಯಿಟ್ಟು ಒತ್ತಡ ಅಳೆದರು. ಅವರು ದೋಣಿ ವ್ಯವಹಾರಕ್ಕೆ ಇಳಿದದ್ದು ಹೆಂಡತಿಯ ತಂದೆಯಿಂದ ಬಂದ ಹಣದಿಂದ. ಅವರ ಯಂತ್ರ ನೌಕಾಪಡೆಯವರಿಗೆ ವಿಮಾನದಂತೆ, ವಾಯುಪಡೆಯವರಿಗೆ ದೋಣಿಯಂತೆ ಕಂಡಿತಂತೆ, ಇಬ್ಬರೂ ಕೈಹಿಡಿಯಲಿಲ್ಲ. ಪ್ರಯೋಗ ನಡೆಸಲು ಸ್ವಂತದ ವಸ್ತುಗಳನ್ನೂ ಮಾರಬೇಕಾಯಿತು. ಕೊನೆಗೆ 1959ರ ಜುಲೈ 25ರಂದು ಅವರ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. 1969ರಲ್ಲಿ ಅವರು ಸರ್ ಕ್ರಿಸ್ಟೋಫರ್ ಆದರು. ಹೆಂಡತಿಯ ಹೆಸರು ಮಾರ್ಗರೆಟ್ ಎಂದು ಎಷ್ಟು ಜನಕ್ಕೆ ಗೊತ್ತು?

ಅವರ ಮನೆಯೊಳಗಿನ ಮಾತು ನಮಗೆ ಬೇಡ. ನನ್ನನ್ನು ಕಾಡುವುದು ನಾವು ತೀರ್ಪು ಕೊಡುವ ರೀತಿ. ಯಂತ್ರ ಕಡಲು ದಾಟಿತೆಂದರೆ ಹೆಂಡತಿಯದು ತ್ಯಾಗ. ದಾಟದೆ ಹಿತ್ತಲಲ್ಲಿ ತುಕ್ಕು ಹಿಡಿಯಿತೆಂದರೆ ಅದೇ ಹೆಂಡತಿ ಗಂಡನನ್ನು ಹದ್ದುಬಸ್ತಿನಲ್ಲಿ ಇಡಲಾರದ ದಡ್ಡಿ. ಬಂಗಾರ ಬಿಚ್ಚಿಕೊಟ್ಟ ದಿನ ಅವಳು ಮಾಡಿದ ಕೆಲಸ ಎರಡರಲ್ಲೂ ಒಂದೇ ಅಲ್ಲವೇ? ಮುಂದೆ ಬರುವ ಫಲ ಹಿಂದೆ ನಡೆದದ್ದನ್ನು ಹೇಗೆ ಬದಲಿಸೀತು? ಅದೂ ಯಾವ ವರ್ಷದ ಫಲ? ಆ ಕಡಲ್ಗಾಲುವೆಯಲ್ಲಿ 1968ರಲ್ಲಿ ಆರಂಭವಾದ ದೊಡ್ಡ ಹೋವರ್‌ಕ್ರಾಫ್ಟುಗಳ ಪ್ರಯಾಣಿಕ ಸೇವೆಯೂ 2000ದಲ್ಲಿ ನಿಂತುಹೋಯಿತು.

ಆದ್ದರಿಂದ ಫಲವನ್ನು ನೋಡುವುದು ಬೇಡ, ಕೊಟ್ಟ ಗಳಿಗೆಯನ್ನು ನೋಡೋಣ. ಅವಳನ್ನು ಕೇಳಿದ್ದರೇ? ಬೇಡ ಎನ್ನುವ ಧೈರ್ಯಕ್ಕೆ ಆ ಮನೆಯಲ್ಲಿ ಜಾಗವಿತ್ತೇ? ನಾಳೆ ಅವಳೇ ಒಂದು ಕನಸು ಕಂಡರೆ ಅಷ್ಟೇ ಹಣ, ಅಷ್ಟೇ ಹೊತ್ತು, ಅಷ್ಟೇ ಜಾಗ ಸಿಕ್ಕೀತೇ? ಮೂರಕ್ಕೂ ಹೌದು ಎಂದರೆ ಕೊಟ್ಟದ್ದು ಕೊಡುಗೆ. ಇಲ್ಲವಾದರೆ, ಯಂತ್ರ ಎಷ್ಟೇ ಚೆನ್ನಾಗಿ ತೇಲಿದರೂ, ಅದು ಕಸಿದದ್ದೇ.

ನಮ್ಮ ಜಮಖಂಡಿ ಸೀಮೆಯಲ್ಲೇ ದೊಡ್ಡ ಕನಸೊಂದು ನನಸಾಗಿದೆ. 1989ರಲ್ಲಿ ಸಿದ್ದು ನ್ಯಾಮಗೌಡರು ಮುಂದೆ ನಿಂತು, ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಬಂದ ಹೆಸರು ಶ್ರಮಬಿಂದು ಸಾಗರ. ಬೆವರ ಹನಿ ಹನಿಯೂ ಆ ಹೆಸರಿನಲ್ಲಿ ಉಳಿದುಕೊಂಡಿದೆ. ಅದು ನನಗೆ ಬಹಳ ಹಿಡಿಸಿದ ಸಂಗತಿ. ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ: ಮನೆಯ ಯಜಮಾನ ವಂತಿಗೆ ಕೊಡುವ ಮುಂಚೆ ಎಷ್ಟು ಮನೆಗಳ ಒಲೆಯ ಮುಂದೆ ಈ ವಿಷಯ ಮಾತಿಗೆ ಬಂದಿತ್ತು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಗಾದೆ ಒಳ್ಳೆಯದೇ. ಆದರೆ ಒಂದೇ ಹಾಸಿಗೆಯಲ್ಲಿ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಿಕೊಳ್ಳಬೇಕಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಹೆಣ್ಣುಮಕ್ಕಳು ಸುತ್ತಿದ ಕಂಡಿಕೆಯಿಂದಲೇ ಸೀರೆಯಾಗುತ್ತದೆ. ಆದರೂ ನೇಯ್ದವನು ಎಂದು ಒಬ್ಬನನ್ನೇ ತೋರಿಸುತ್ತೇವೆ.

ಹಾಗೆಂದು ಮನೆಯಲ್ಲಿ ಯಾರೂ ಕನಸು ಕಾಣಬಾರದು ಎನ್ನುವವಳಲ್ಲ ನಾನು. ಕನಸಿಲ್ಲದ ಮನೆ ಬರೀ ಛತ್ರ. ಮಗ ಹಿತ್ತಲಲ್ಲಿ ಹೋವರ್‌ಕ್ರಾಫ್ಟ್ ಕಟ್ಟುತ್ತೇನೆಂದರೆ ಡಬ್ಬಿ ಕೊಡೋಣ, ತಕ್ಕಡಿಯನ್ನೂ ಕೊಡೋಣ. ಆದರೆ ಕೇಳಿ ಒಯ್ಯುವುದನ್ನು ಕಲಿಸಿಯೇ ಕೊಡೋಣ. ಮಗಳು ಅದೇ ತಕ್ಕಡಿ ಕೇಳಿಕೊಂಡು ಬಂದ ದಿನ, ಅಡುಗೆ ಆಯಿತೇ ಎಂದು ಮೊದಲು ಕೇಳದಿರೋಣ.