ಅನಾಗತ ವಿಪತ್ತೂ ರಾಜಧರ್ಮವೂ

ಮನೆಗೆ ಉರಿ ಹತ್ತಿದ ಮೇಲೆ ಬಾವಿ ತೋಡಲು ಹೊರಟವನನ್ನು ಕಂಡು ಲೋಕವು ನಗುತ್ತದೆ. ಆದರೆ ಉರಿಯಿಲ್ಲದ ದಿನದಲ್ಲಿ ಬಾವಿ ತೋಡಿಸಿಟ್ಟವನನ್ನು ಲೋಕವು ಹೊಗಳುತ್ತದೆಯೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ಉರಿಯೊಳಗೆ ಹೊಕ್ಕು ಮಗುವನ್ನು ಎತ್ತಿ ತಂದವನ ಹೆಸರು ಊರಿನ ಬಾಯಲ್ಲಿ ಮೂರು ತಲೆಮಾರು ನಿಲ್ಲುತ್ತದೆ. ಉರಿ ಹತ್ತದಂತೆ ಹುಲ್ಲಿನ ಮಾಡನ್ನು ತೆಗೆಸಿ ಹೆಂಚು ಹೊದಿಸಿದವನ ಹೆಸರು ಹೆಂಚಿನ ಲೆಕ್ಕದಲ್ಲಿ ಮಾತ್ರ ಉಳಿಯುತ್ತದೆ. ಇವರಿಬ್ಬರಲ್ಲಿ ಯಾರ ಪುಣ್ಯವು ಹೆಚ್ಚಿನದೆಂಬ ಪ್ರಶ್ನೆಯು ಮೇಲುನೋಟಕ್ಕೆ ಬಾಲಕರ ವಾದದಂತೆ ಕಾಣಬಹುದು. ಆದರೆ ಪ್ರಜೆಗಳ ಹಣವನ್ನು ವೆಚ್ಚಮಾಡುವ ಸರಕಾರವು ಪ್ರತಿವರ್ಷವೂ ಈ ಪ್ರಶ್ನೆಗೆ ಉತ್ತರವನ್ನು ಕೊಡಲೇಬೇಕಾಗಿದೆ. ಆ ಉತ್ತರದ ಮೇಲೆ ನದೀತೀರದ ಅಸಂಖ್ಯ ಸಂಸಾರಗಳ ಪ್ರಾಣವು ನಿಂತಿದೆ.

ಶಾಸ್ತ್ರಕಾರರು ರಾಜನ ಕರ್ತವ್ಯವನ್ನು ಯೋಗಕ್ಷೇಮವೆಂಬ ಒಂದೇ ಪದದಲ್ಲಿ ಅಡಗಿಸಿದರು. ಇಲ್ಲದುದನ್ನು ದೊರಕಿಸುವುದು ಯೋಗ. ಇರುವುದನ್ನು ಕಾಪಾಡುವುದು ಕ್ಷೇಮ. ಈ ಶಬ್ದವು ಕಾಗದದ ಮೊದಲ ಸಾಲಿನ ಕುಶಲಪ್ರಶ್ನೆಯಾಗಿ ಸವೆದುಹೋಗಿದ್ದರೂ ಅದರೊಳಗಿನ ಅರ್ಥವು ಸವೆದಿಲ್ಲ. ಕೆಸರನ್ನು ತುಳಿದು ಕಾಲು ತೊಳೆಯುವುದಕ್ಕಿಂತ ತುಳಿಯದಿರುವುದೇ ಲೇಸೆಂಬ ಪಂಕಪ್ರಕ್ಷಾಲನನ್ಯಾಯವೂ ಇದನ್ನೇ ಬೋಧಿಸುತ್ತದೆ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ತೋರಿದ ಕೌಟಿಲ್ಯನ ಅರ್ಥಶಾಸ್ತ್ರವು ದೈವಿಕವಾದ ಎಂಟು ಮಹಾಭಯಗಳನ್ನು ಎಣಿಸುವಾಗ ಅಗ್ನಿಯ ಅನಂತರ ಉದಕವನ್ನೇ ಹೇಳುತ್ತದೆ. ಮಳೆಗಾಲದಲ್ಲಿ ತೀರದ ಗ್ರಾಮದವರು ದಡವನ್ನು ಬಿಟ್ಟು ದೂರದಲ್ಲಿ ವಾಸಿಸಬೇಕೆಂದೂ, ಮರ ಬಿದಿರು ದೋಣಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದೂ ವಿಧಿಸಿ, ಕೊಚ್ಚಿಹೋಗುತ್ತಿರುವವನ ನೆರವಿಗೆ ಹೋಗದವನಿಗೆ ದಂಡವನ್ನೂ ಹೇಳುತ್ತದೆ. ಅಲ್ಲಿಯ ಅನುಕ್ರಮವು ಗಮನಿಸತಕ್ಕುದು: ಮುಂಜಾಗ್ರತೆ ಮೊದಲು, ಉದ್ಧಾರ ಆಮೇಲೆ.

ಈ ಅನುಕ್ರಮವು ಕಾರ್ಯದಲ್ಲಿ ಹೇಗೆ ನಡೆಯಿತೆಂಬುದಕ್ಕೆ ಹೈದರಾಬಾದಿನ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ. 1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಆ ನಗರವನ್ನು ಹೊಕ್ಕಿತು. ಮೇಲ್ಗಡೆಯ ಪ್ರದೇಶದಲ್ಲಿ ಸುರಿದ ಅತಿವೃಷ್ಟಿಗೆ 200ಕ್ಕೂ ಹೆಚ್ಚು ಕೆರೆಗಳು ಒಡೆದು, ಅವುಗಳ ನೀರೆಲ್ಲವೂ ನದಿಯ ನೀರಿಗೆ ಸೇರಿತು. ಸತ್ತವರ ಸಂಖ್ಯೆಯನ್ನು ಸುಮಾರು 15,000 ಎಂದು ಹೇಳುವುದುಂಟು. ನಿಜಾಮ್ ಮಹಬೂಬ್ ಅಲಿ ಖಾನರ ಸರಕಾರವು ಸಂತ್ರಸ್ತರಿಗೆ ನೆರವಾದುದಲ್ಲದೆ, ಇಂತಹುದು ಮತ್ತೆ ಆಗದಂತೆ ಮಾಡುವ ಬಗೆ ಯಾವುದೆಂದು ವಿಚಾರಿಸಲು, ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತರಾಗಿ ವಿದೇಶಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರನ್ನು ಕರೆಯಿಸಿತು. ನಗರದ ಮೇಲ್ಗಡೆ ಪ್ರವಾಹವನ್ನು ತಡೆದುಕೊಳ್ಳುವ ಜಲಾಶಯಗಳನ್ನು ಕಟ್ಟುವುದೇ ಉಪಾಯವೆಂದು ಅವರು ಸೂಚಿಸಿದರು. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ, ಅದರ ಉಪನದಿಯಾದ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವು 1927ರಲ್ಲಿಯೂ ಮುಗಿದುವು. ಈ ವಿಚಾರಣೆಯನ್ನು ಮಾಡಿಸಿದ ಪ್ರಭುವು 1911ರಲ್ಲಿಯೇ ಕಾಲವಾಗಿದ್ದರು. ಪ್ರವಾಹದಿಂದ ಪಾರಾದವರ ಕಣ್ಣೀರನ್ನು ಅವರು ಕಂಡಿರಬಹುದು. ಜಲಾಶಯದಿಂದ ಬದುಕಿದವರ ಮುಖವನ್ನು ಕಾಣುವ ಭಾಗ್ಯವು ಅವರಿಗಾಗಲಿ ಬೇರೆ ಯಾರಿಗಾಗಲಿ ಇರಲಿಲ್ಲ. ಏತಕ್ಕೆಂದರೆ ತಾನು ಬದುಕಿದೆನೆಂಬುದು ಆ ಬದುಕಿದವನಿಗೇ ತಿಳಿಯದು.

ಈ ವಿಷಯದ ಧರ್ಮಸೂಕ್ಷ್ಮವು ಇಲ್ಲಿಯೇ ಇದೆ. ತಾರ್ಕಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿ, ಇನ್ನೂ ಹುಟ್ಟದಿರುವ ವಸ್ತುವಿನ ಇಲ್ಲದಿರುವಿಕೆಗೆ ಪ್ರಾಗಭಾವವೆಂದು ಹೆಸರಿಟ್ಟರು. ಗಡಿಗೆಯನ್ನು ಮಾಡುವುದು ಎಲ್ಲರಿಗೂ ಕಾಣುವ ಕೆಲಸ. ಕೇಡಿನ ಪ್ರಾಗಭಾವವನ್ನು ಹಾಗೆಯೇ ಉಳಿಸಿಕೊಂಡು ಬರುವುದು ಕಾಣದ ಕೆಲಸ. ಆದರೂ ಅದು ಕೆಲಸವೇ ಹೊರತು ಸುಮ್ಮನಿರುವುದಲ್ಲ. ಬಿದ್ದ ಸೇತುವೆಯನ್ನು ಹಿಂದಕ್ಕೆ ಕಟ್ಟಿದ ಅಧಿಕಾರಿಯು ಶಿಲಾಶಾಸನವನ್ನು ಹಾಕಿಸಬಹುದು. ಬೀಳದ ಸೇತುವೆಗೆ ಯಾರು ಶಾಸನ ಬರೆಯುವರು?

ಕಾಣದ ಕೆಲಸಕ್ಕೆ ಕೃತಜ್ಞತೆ ಹುಟ್ಟದಿರುವುದು ಬರಿಯ ಊಹೆಯಲ್ಲ. ಅಮೆರಿಕಾ ದೇಶದ ಆಂಡ್ರೂ ಹೀಲಿ, ನೀಲ್ ಮಲ್ಹೋತ್ರಾ ಎಂಬಿಬ್ಬರು ವಿದ್ವಾಂಸರು 1988ರಿಂದ 2004ರ ವರೆಗಿನ ಚುನಾವಣೆಗಳನ್ನು ಪರೀಕ್ಷಿಸಿ 2009ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ವಿಪತ್ತಿನ ಅನಂತರ ಪರಿಹಾರವನ್ನು ಹಂಚಿದ ಪಕ್ಷಕ್ಕೆ ಮತದಾರರು ಒಲಿಯುತ್ತಾರೆ, ಮುಂಚಿತವಾಗಿ ಸಿದ್ಧತೆಗೆ ವೆಚ್ಚಮಾಡಿದುದಕ್ಕೆ ಒಲಿಯುವುದಿಲ್ಲ ಎಂಬುದು ಅವರ ನಿರ್ಣಯ. ಆದರೆ ಸಿದ್ಧತೆಗೆ ಹಾಕಿದ ಒಂದು ಡಾಲರು ಮುಂದೆ ಸುಮಾರು 15 ಡಾಲರುಗಳ ಹಾನಿಯನ್ನು ತಪ್ಪಿಸುತ್ತದೆಂದೂ ಅವರೇ ಗಣಿಸಿದರು. ಒಂದು ಕಡೆ ಹದಿನೈದು ಪಾಲು ಫಲ, ಇನ್ನೊಂದು ಕಡೆ ಕೃತಜ್ಞತೆ. ಸಾಮಾನ್ಯ ಪ್ರಭುತ್ವವು ಯಾವುದನ್ನು ಆರಿಸಿಕೊಳ್ಳುವುದೆಂದು ಹೇಳಬೇಕಾಗಿಲ್ಲ.

ಭಾರತದ ಶಾಸನಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. 2005ರ ವಿಪತ್ತು ನಿರ್ವಹಣಾ ಅಧಿನಿಯಮವು ಎರಡು ಬಗೆಯ ನಿಧಿಗಳನ್ನು ವಿಧಿಸಿತು. ವಿಪತ್ತು ಬಂದಾಗ ಪರಿಹಾರಕ್ಕೆಂದು ಒಂದು ರಾಷ್ಟ್ರೀಯ ನಿಧಿಯು 46ನೆಯ ಪ್ರಕರಣದಲ್ಲಿದೆ. ವಿಪತ್ತನ್ನು ಮುಂಚಿತವಾಗಿಯೇ ತಗ್ಗಿಸುವ ಉಪಶಮನಕ್ಕೆಂದು ಇನ್ನೊಂದು 47ನೆಯ ಪ್ರಕರಣದಲ್ಲಿದೆ. ಒಂದೇ ದಿನ ಹುಟ್ಟಿದ ಅವಳಿ ವಿಧಿಗಳಿವು. ಆದರೆ ಪರಿಹಾರನಿಧಿಯು 2010ರಲ್ಲಿ ಕಾರ್ಯಕ್ಕೆ ಬಂದಿತು. ಉಪಶಮನನಿಧಿಯು ಸ್ಥಾಪಿತವಾಗಲು 2021 ಬರಬೇಕಾಯಿತು. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಐದು ವರ್ಷಗಳಿಗೆ ರಾಜ್ಯಗಳ ವಿಪತ್ತುಕಾರ್ಯಕ್ಕೆಂದು ಸುಮಾರು 1,60,153 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ಅದರಲ್ಲಿ ನೂರಕ್ಕೆ 80 ಭಾಗವನ್ನು ಪರಿಹಾರಕ್ಕೂ 20 ಭಾಗವನ್ನು ಉಪಶಮನಕ್ಕೂ ಹಂಚಿತು. ಹೀಗೆ ಬಾರದ ಕೇಡಿಗಾಗಿ ರಾಜ್ಯಗಳ ಪಾಲಿಗೆ ಸುಮಾರು 32,031 ಕೋಟಿಗಳು ಮೀಸಲಾದುವು. ಹದಿನಾರು ವರ್ಷ ಮಲಗಿದ್ದ ವಿಧಿಯು ಎದ್ದುದು ಸಂತೋಷದ ಸಂಗತಿಯೇ. ಆದರೂ ಹಿರಿಯ ಪಾಲು ಕಣ್ಣೀರೊರೆಸುವುದಕ್ಕೂ, ಕಿರಿಯ ಪಾಲು ಕಣ್ಣೀರು ಬಾರದಂತೆ ಮಾಡುವುದಕ್ಕೂ ಇಟ್ಟಿರುವುದನ್ನು ವಿಚಾರವಂತರು ಮರೆಯಬಾರದು.

ಇದಕ್ಕೆ ಪೂರ್ವಪಕ್ಷವು ಬಲವಾಗಿಯೇ ಇದೆ. ಇಂದು ಎದುರಿಗೆ ನಿಂತು ಅಳುತ್ತಿರುವವನ ಹಸಿವು ಪ್ರತ್ಯಕ್ಷ; ನಾಳೆ ಮುಳುಗಬಹುದಾದವನ ಕಷ್ಟವು ಅನುಮಾನ. ಅನುಮಾನಕ್ಕಾಗಿ ಪ್ರತ್ಯಕ್ಷವನ್ನು ಬಿಡುವುದು ನಿರ್ದಯವಲ್ಲವೆ ಎಂದು ಕೇಳಬಹುದು. ಅಳುವವನನ್ನು ಬಿಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ದಯೆಯೂ ಧರ್ಮವೂ ಒಂದೇ ಅಲ್ಲ. ಗೃಹಸ್ಥನು ತನ್ನ ಹಣವನ್ನು ಮನಸ್ಸು ಕರಗಿದ ಕಡೆಗೆ ಕೊಡಬಹುದು. ಅದು ಅವನ ಸ್ವಂತದ್ದು. ಅಪ್ರಾಪ್ತವಯಸ್ಕನ ಆಸ್ತಿಯನ್ನು ನೋಡಿಕೊಳ್ಳುವ ಪಾಲಕನಿಗೆ ಆ ಸ್ವಾತಂತ್ರ್ಯವಿಲ್ಲ. ಸೋರುವ ಮಾಡನ್ನು ಬೇಸಗೆಯಲ್ಲಿ ಹೊದಿಸದೆ, ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದಾಗ ಹಾಸಿಗೆಯ ಬಳಿ ಕುಳಿತು ಔಷಧಿ ಕುಡಿಸುವ ಪಾಲಕನನ್ನು ನೆರೆಯವರು ದಯಾಳುವೆನ್ನಬಹುದು; ಲೆಕ್ಕ ಕೇಳುವ ದಿನ ಮಗುವು ಏನೆಂದು ಕರೆಯಬೇಕು? ಸರಕಾರವು ಪಾಲಕನ ಸ್ಥಾನದಲ್ಲಿದೆ. ಆದುದರಿಂದ ಪರಿಹಾರವನ್ನು ದಾನವೆಂದೂ ಉಪಶಮನವನ್ನು ಋಣವೆಂದೂ ತಿಳಿಯುವುದು ಉಚಿತ. ದಾನವನ್ನು ಪಡೆದವನು ಕೈಮುಗಿಯುತ್ತಾನೆ. ಋಣವನ್ನು ತೀರಿಸಿದವನಿಗೆ ಕೈಮುಗಿಯಬೇಕಾದುದಿಲ್ಲ, ತೀರಿಸದವನನ್ನು ಕೇಳುವ ಹಕ್ಕುಂಟು.

ಮುಂಚಿತವಾಗಿ ಕೊಡುವುದೆಲ್ಲವೂ ಕ್ಷೇಮವೇ ಎಂಬುದು ಎರಡನೆಯ ಭ್ರಾಂತಿ. ನದಿಗೆ ಏರಿಯನ್ನು ಕಟ್ಟಿದರೆ ಏರಿಯ ಮರೆಯನ್ನು ನಂಬಿ ಜನರು ಇನ್ನೂ ಹತ್ತಿರಕ್ಕೆ ಬಂದು ಮನೆಕಟ್ಟುವರು. ಏರಿಯು ಒಡೆದ ದಿನ ಮೊದಲಿಗಿಂತ ಹೆಚ್ಚಿನ ಹಾನಿಯಾಗುವುದು. ಈ ದೋಷವನ್ನು ಅಮೆರಿಕದ ಭೂಗೋಳಜ್ಞ ಗಿಲ್ಬರ್ಟ್ ವೈಟನು 1940ರ ದಶಕದಲ್ಲಿಯೇ ವಿಸ್ತರಿಸಿ ತೋರಿಸಿದನು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಕೋಸಿಯ ಏರಿಯು ಒಡೆದಾಗ, ನದಿಯ ಭಯವನ್ನೇ ಮರೆತಿದ್ದ ಬಿಹಾರದ ಪ್ರದೇಶಗಳು ನೀರಿನ ಪಾಲಾದುವು. ಹಣವು ನದಿಯನ್ನು ಕಟ್ಟಿಹಾಕುವುದಕ್ಕೆ ಮಾತ್ರವಲ್ಲ, ನದಿಗೆ ದಾರಿಬಿಡುವುದಕ್ಕೂ ವೆಚ್ಚವಾಗಬೇಕು. ಅಂದರೆ ಕೆಲವೆಡೆಗಳಲ್ಲಿ ಊರೇ ಮೇಲಕ್ಕೆ ಸರಿಯಬೇಕು.

ಊರನ್ನು ಸರಿಸುವುದೆಂದರೆ ಪೆಟ್ಟಿಗೆಯನ್ನು ಸರಿಸಿದಂತಲ್ಲ. 2009ನೆಯ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೂ ಉಕ್ಕಿದ ಹೊಳೆಗಳಿಗೂ 200ಕ್ಕೂ ಹೆಚ್ಚು ಜನರು ಬಲಿಯಾದರು. ಸರಕಾರವು ದಾನಿಗಳ ಸಹಾಯದೊಡನೆ ‘ಆಸರೆ’ ಎಂಬ ಹೆಸರಿನಿಂದ ಎತ್ತರದ ಸ್ಥಳಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಸಂಕಲ್ಪವು ಒಳ್ಳೆಯದೇ. ಆದರೂ ಹೊಲಕ್ಕೆ ದೂರವಾಯಿತೆಂದೋ, ದನಗಳಿಗೂ ಕಣಕ್ಕೂ ಎಡೆಯಿಲ್ಲವೆಂದೋ ಅನೇಕರು ಹಳೆಯ ಊರಿಗೇ ಮರಳಿದರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಮತ್ತೆ ಉಕ್ಕಿ ಅದೇ ದಡಗಳನ್ನು ಮುಳುಗಿಸಿದುವು. ಇದನ್ನು ರೈತನ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಹತ್ತು ವರ್ಷಕ್ಕೊಮ್ಮೆ ಬರುವ ನದಿಯನ್ನೂ, ಪ್ರತಿದಿನವೂ ನಡೆಯಬೇಕಾದ ದಾರಿಯನ್ನೂ ತೂಗಿನೋಡಿದವನು ಅವನೇ ಹೊರತು ನಕ್ಷೆಯನ್ನು ಬರೆದವರಲ್ಲ. ಅಮೆರಿಕದ ಇಲಿನಾಯ್ ಪ್ರಾಂತ್ಯದ ವಾಲ್ಮೈಯರ್ ಎಂಬ ಸಣ್ಣ ಊರು 1993ರ ಮಿಸಿಸಿಪಿ ಪ್ರವಾಹದಲ್ಲಿ ಮುಳುಗಿದ ಮೇಲೆ, ಸರಕಾರದ ಸಹಾಯಧನದಿಂದ ಗುಡ್ಡದ ಮೇಲೆ ಹೊಸದಾಗಿ ನೆಲೆಗೊಂಡಿತು. ಅಲ್ಲಿಯ ನಿವಾಸಿಗಳು ತಾವೇ ಸಮಿತಿಗಳಲ್ಲಿ ಕುಳಿತು ಹೊಸ ಊರಿನ ರೂಪವನ್ನು ಚರ್ಚಿಸಿದರು. ಎಲ್ಲರೂ ಹೋಗಲಿಲ್ಲ, ಆದರೆ ಹೋದವರು ತಮ್ಮ ಊರನ್ನು ಊರಾಗಿಯೇ ಒಯ್ದರು. ಕೇಳದೆ ಕೊಟ್ಟ ಮನೆಯು ಗೋಡೆಯಾಗಿ ನಿಲ್ಲುತ್ತದೆ. ಕೇಳಿ ಕೊಟ್ಟುದು ಮನೆಯಾಗುತ್ತದೆ.

ಇನ್ನುಳಿದುದು ಯಾರಿಗೆ ಮೊದಲು ಕೊಡಬೇಕೆಂಬ ಪ್ರಶ್ನೆ. ಅಮೆರಿಕದ ಇಂತಹ ಸಹಾಯಧನಗಳಲ್ಲಿ, ವೆಚ್ಚಕ್ಕಿಂತ ಲಾಭವು ಕಡಿಮೆಯಲ್ಲವೆಂದು ಲೆಕ್ಕ ತೋರಿಸಬೇಕೆಂಬುದೂ, ವೆಚ್ಚದ ನಾಲ್ಕರಲ್ಲೊಂದು ಪಾಲನ್ನು ಸಾಮಾನ್ಯವಾಗಿ ಸಹಾಯ ಪಡೆಯುವವರ ಕಡೆಯಿಂದಲೇ ಹೊರಬೇಕೆಂಬುದೂ ನಿಯಮ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೆಂಬುದು ನಿರ್ವಿವಾದ. ಆದರೆ ಉಳಿದ ಆಸ್ತಿಯ ಬೆಲೆಯನ್ನೇ ಲಾಭವೆಂದು ಎಣಿಸಿದಲ್ಲಿ ಸಾಹುಕಾರನ ಮಹಡಿಯು ಹತ್ತು ಗುಡಿಸಲುಗಳಿಗಿಂತ ತೂಕವಾಗುವುದು. ಕಡಮೆ ಬೆಲೆಯ ಗುಡಿಸಲು ಅದರ ಒಡೆಯನಿಗೆ ಸರ್ವಸ್ವವೆಂಬ ಅಂಶಕ್ಕೆ ಆ ತಕ್ಕಡಿಯಲ್ಲಿ ಬಟ್ಟಿಲ್ಲ. ತನ್ನ ಪಾಲಿನ ಹಣವನ್ನು ಕೂಡಿಸಲಾರದ, ಅರ್ಜಿಯನ್ನು ಬರೆಯಬಲ್ಲ ಇಂಜಿನಿಯರನಿಲ್ಲದ ಊರು, ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿದ್ದರೂ ಸಾಲಿನ ಕೊನೆಗೆ ನಿಲ್ಲುವುದು. ಬೇಡಬಲ್ಲವನಿಗೇ ಕೊಡುವುದಾದರೆ ಅದು ಋಣವಾಗದೆ ಪುನಃ ದಾನವೇ ಆಯಿತು. ಹೋಗಿ ಹುಡುಕಿ ತೀರಿಸಬೇಕಾದುದು ಸಾಲಗಾರನ ಕರ್ತವ್ಯ.

ಒಮ್ಮೆ ತೀರಿಸಿದರೆ ಮುಗಿಯುವ ಋಣವೂ ಇದಲ್ಲ. ಹೈದರಾಬಾದಿನ ಆ ಎರಡು ಜಲಾಶಯಗಳು ಇಂದಿಗೂ ನಿಂತಿವೆ. ಆದರೆ 2020ರ ಅಕ್ಟೋಬರಿನಲ್ಲಿ ಅದೇ ನಗರದ ಎಷ್ಟೋ ಬಡಾವಣೆಗಳು ಮುಳುಗಿದುವು. ಕೆರೆಯಂಗಳಗಳಲ್ಲಿಯೂ ನೀರು ಹರಿಯುವ ಕಾಲುವೆಗಳ ಮೇಲೆಯೂ ಮನೆಗಳು ಎದ್ದಿದ್ದುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದಾಗಿತ್ತು. ಪೂರ್ವಿಕರು ಕಟ್ಟಿಟ್ಟ ಕ್ಷೇಮವನ್ನು ಉತ್ತರಾಧಿಕಾರಿಗಳು ನಿವೇಶನಗಳಾಗಿ ಮಾರಿಕೊಂಡರು; ಅದರ ಬಡ್ಡಿಯನ್ನು ಮಳೆಯು ವಸೂಲುಮಾಡಿತು. ಇಲ್ಲಿ ದೋಷವು ಸರಕಾರದೊಂದರದೇ ಅಲ್ಲ. ಕೊಂಡವರೂ ಮಾರಿದವರೂ ಕಂಡು ಸುಮ್ಮನಿದ್ದ ವಿದ್ಯಾವಂತರೂ ಅದರಲ್ಲಿ ಪಾಲುದಾರರು.

ಇಂತಿರಲು, ಮೊದಲಿನ ಪ್ರಶ್ನೆಗೆ ಉತ್ತರವು ಗೃಹಸ್ಥರ ಕಡೆಯಿಂದಲೇ ಬರಬೇಕಾಗಿದೆ. ಪ್ರಜೆಯು ಯಾವುದನ್ನು ಕೇಳುವನೋ ಅದನ್ನೇ ಪ್ರಭುತ್ವವು ಕೊಡುವುದು. ಪ್ರವಾಹದ ವರ್ಷದಲ್ಲಿ ಪರಿಹಾರವೆಷ್ಟು ಬಂದಿತೆಂದು ಕೇಳುವವರು ಸಾವಿರ ಮಂದಿ ಇರುತ್ತಾರೆ. ಪ್ರವಾಹವಿಲ್ಲದ ವರ್ಷದಲ್ಲಿ, ಜಿಲ್ಲೆಗೆ ಬಂದ ಉಪಶಮನದ ಹಣವೆಷ್ಟು, ಯಾವ ಕೆರೆಯ ಕೋಡಿಯು ದುರಸ್ತಿಯಾಯಿತು, ಯಾವ ಕೇರಿಯು ಇನ್ನೂ ಹೊಳೆಯ ಪಾತ್ರದಲ್ಲಿದೆ ಎಂದು ಕೇಳುವವರು ಹತ್ತು ಮಂದಿಯಾದರೂ ಬೇಕು. ಮಳೆಯಿಲ್ಲದ ಮಾಘಮಾಸದಲ್ಲಿ ಕೇಳಿದ ಅಂತಹ ಒಂದು ಪ್ರಶ್ನೆಯು ಶ್ರಾವಣದಲ್ಲಿ ಹಂಚಿದ ನೂರು ಕಂಬಳಿಗಳಿಗಿಂತ ಹೆಚ್ಚಿನ ಉಪಕಾರವನ್ನು ಮಾಡೀತು. ಆ ಉಪಕಾರವನ್ನು ಪಡೆದವರು ಯಾರೆಂಬುದು ಕೇಳಿದವನಿಗೆ ಎಂದೂ ತಿಳಿಯಲಾರದು, ತಿಳಿಯದಿದ್ದರೂ ಕೇಳಬೇಕು.