ಬಿದ್ದಿದ್ದಾ, ಇಟ್ಟಿದ್ದಾ?

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮನೆ ಕುರ್ಚಿಗಳೆಲ್ಲ ಊಟದ ಟೇಬಲ್ ಮೇಲೆ ತಲೆಕೆಳಗಾಗಿ ಕೂತಿರ್ತವೆ. ನಾನು ಪೊರಕೆ, ಹೆಂಡತಿ ಬಚ್ಚಲು, ಎಂಟು ವರ್ಷದ ಮಗಳು ಪುಸ್ತಕದ ಕಪಾಟು, ನಾಲ್ಕು ವರ್ಷದ ಮಗ ಒದ್ದೆ ಬಟ್ಟೆ ಹಿಡ್ಕೊಂಡು ಎಲ್ಲರ ಕಾಲಿಗೆ ಅಡ್ಡ. ಮೊದಲ ಶನಿವಾರವೇ ಮಗಳು ಕೇಳಿದ್ಲು: "ಅಪ್ಪಾ, ಇದು ನಮ್ಮ ಕೆಲಸಾನಾ? ಅಕ್ಕನ ಕೆಲಸ ಅಲ್ವಾ?"

"ನಮ್ಮನೆ ಕಸ, ನಾವೇ ತೆಗೀಬೇಕು ಪುಟ್ಟಿ" ಅಂದೆ. ಹೇಳೋಕೆ ಚೆನ್ನಾಗಿತ್ತು. ನಿಜ ಬೇರೆ ಇತ್ತು.

ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ರವೀಂದ್ರನಗರದ ಮನೆಯಿಂದಲೇ ಕೆಲಸ ಮಾಡ್ತೀನಿ. ಹೆಂಡತಿ ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಮಾಡ್ತಾಳೆ; ದಿನಾ ಬಸ್ಸು. ಮೂರು ವರ್ಷ ನಮ್ಮನೆಗೆ ಕೆಲಸಕ್ಕೆ ಬರ್ತಿದ್ದ ಅಕ್ಕ, ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋದರು. ಬದಲಿಗೆ ಯಾರೂ ಸಿಗಲಿಲ್ಲ. ಸಿಕ್ಕಿದ್ದರೆ ಇಟ್ಕೋತಿದ್ವಿ. ಎರಡು ವಾರ ಬಚ್ಚಲಲ್ಲಿ ಪಾಚಿ ಕಟ್ಟಿ, ಸಿಂಕ್ ವಾಸನೆ ಬರೋಕೆ ಶುರುವಾದ ಮೇಲೆ ನಾವೇ ಇಳಿದ್ವಿ. ತಿಂಗಳು ಕಳೆಯೋದ್ರಲ್ಲಿ ಅದು ನನ್ನ ಬಾಯಲ್ಲಿ ಆದರ್ಶ ಆಗಿತ್ತು. ಗೆಳೆಯರ ಹತ್ರ "ಸ್ವಾವಲಂಬನೆ, ಮಕ್ಕಳಿಗೂ ಕಲೀಲಿ" ಅಂತೆಲ್ಲ ಭಾಷಣ ಬಿಗಿದೆ. ಗತಿ ಇಲ್ಲದೆ ಮಾಡಿದ್ದನ್ನ ತತ್ವ ಮಾಡೋದು ನಮ್ಮಂಥವರಿಗೆ ಎಷ್ಟು ಸಲೀಸು ನೋಡಿ.

ಆ ಅಕ್ಕನ ವಿಷಯದಲ್ಲಿ ನನ್ನನ್ನ ಇವತ್ತಿಗೂ ಚುಚ್ಚೋದು ಒಂದಿದೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮ ನಮ್ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಅಮ್ಮ ನೂರರ ನೋಟೊಂದನ್ನ ಮಡಚಿ ಮಂಚದ ಕೆಳಗೆ ಹಾಕೋದನ್ನ ನೋಡಿದೆ. ಕೈ ಶುದ್ಧ ಇದೆಯಾ ಅಂತ ಪರೀಕ್ಷೆ. ಅವರ ಕಾಲದಲ್ಲಿ ಎಲ್ಲ ಮನೆಯಲ್ಲೂ ನಡೀತಿತ್ತಂತೆ. ನಾನು ಏನೂ ಹೇಳಲಿಲ್ಲ. ಹೇಳಲಿಲ್ಲ ಅನ್ನೋದಕ್ಕಿಂತ, ಫಲಿತಾಂಶ ನನಗೂ ಬೇಕಿತ್ತು ಅನ್ನೋದೇ ಸರಿ. ಅಕ್ಕ ಗುಡಿಸಿ ಮುಗಿಸಿ, ನೋಟನ್ನ ಫ್ರಿಜ್ ಮೇಲೆ ಸ್ಟೀಲ್ ಡಬ್ಬಿ ಕೆಳಗೆ ಇಟ್ಟು ಹೋದರು. ವಾರ ಬಿಟ್ಟು ಮತ್ತೊಂದು ನೋಟು. ಈ ಸಲ ನನ್ನ ಲ್ಯಾಪ್‌ಟಾಪ್ ಪಕ್ಕ ತಂದಿಟ್ಟು ಕೇಳಿದರು: "ಸಾರ್, ಇದು ಬಿದ್ದಿದ್ದಾ, ಇಟ್ಟಿದ್ದಾ?"

"ಬಿದ್ದಿರ್ಬೇಕು" ಅಂದೆ. ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು. ಆವತ್ತು ಪರೀಕ್ಷೆಯಲ್ಲಿ ಫೇಲಾದವನು ಯಾರು ಅಂತ ಇಬ್ಬರಿಗೂ ಗೊತ್ತಿತ್ತು.

ನಮ್ಮ ಜಿಲ್ಲೆಯವರೇ ಆದ ಸತ್ಯಕ್ಕನ ಬಗ್ಗೆ ಓದಿದಾಗೆಲ್ಲ ಇದು ನೆನಪಾಗುತ್ತೆ. ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳು, ಹನ್ನೆರಡನೇ ಶತಮಾನದ ವಚನಕಾರ್ತಿ. ಶರಣರ ಮನೆಯಂಗಳ ಗುಡಿಸೋದು ಅವಳ ಕಾಯಕ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಬಟ್ಟೆ ಬಿದ್ದಿದ್ದರೂ ಕೈಯಿಂದ ಮುಟ್ಟಿ ಎತ್ತಲ್ಲ ಅಂತ ಆಣೆ ಇಟ್ಟು ಹೇಳೋ ಅವಳ ವಚನವೊಂದಿದೆ. ಕಾಲೇಜಲ್ಲಿ ಅದನ್ನ ನಿಷ್ಠೆಗೆ ಉದಾಹರಣೆ ಅಂತ ಓದಿದ್ದೆ. ಈಗ ಓದಿದರೆ ಬೇರೆ ಪ್ರಶ್ನೆ ಏಳುತ್ತೆ: ಗುಡಿಸೋಳೇ ಯಾಕೆ ಆಣೆ ಇಡಬೇಕಾಯ್ತು? ಅದು ಅವಳ ವ್ರತ, ಅವಳ ಭಕ್ತಿ, ಒಪ್ತೀನಿ. ಆದರೂ ಅನುಮಾನದ ಕಣ್ಣು ಪೊರಕೆ ಹಿಡಿದ ಕೈ ಮೇಲೇ ಮೊದಲು ಬೀಳೋದು ಇವತ್ತಿನ ಚಾಳಿಯಂತೂ ಅಲ್ಲ ಅನಿಸುತ್ತೆ. ಆಫೀಸಿನಲ್ಲಿ ನನ್ನ ಟೇಬಲ್ ಕೆಳಗೆ ಯಾವ ಮ್ಯಾನೇಜರೂ ನೋಟು ಹಾಕಿ ನೋಡಿಲ್ಲ.

ಹಾಗಾದ್ರೆ ನಮ್ಮ ಕಸ ನಾವೇ ತೆಗೆದರೆ ಸರಿಹೋಯ್ತಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಗಾಂಧಿಯ ಆತ್ಮಕಥೆಯಲ್ಲಿ 1898ರ ಡರ್ಬನ್ ಪ್ರಸಂಗ ಒಂದಿದೆ. ಮನೆಯಲ್ಲಿ ಉಳಿದುಕೊಂಡಿದ್ದ ಗುಮಾಸ್ತರೊಬ್ಬರ ಮೂತ್ರದ ಪಾತ್ರೆಯನ್ನ ಕಸ್ತೂರಬಾ ಹೊತ್ತು ಇಳಿಯಬೇಕು. ಗುಮಾಸ್ತರ ತಂದೆತಾಯಿ ಪಂಚಮರು. ಬಾ ಹಿಂಜರಿಯೋಕೆ ಅದೂ ಕಾರಣ, ಅದನ್ನ ಮುಚ್ಚಿಡೋದು ಬೇಡ. ಆದರೆ ಗಾಂಧಿಗೆ ಹೆಂಡತಿ ಪಾತ್ರೆ ಹೊತ್ತರೆ ಸಾಲದು, ನಗುನಗುತ್ತಾ ಹೊರಬೇಕು. ಅವರು ಅಳುತ್ತಾ ಹೊತ್ತಾಗ ರೇಗಿ, ಕೈ ಹಿಡಿದು ಗೇಟಿನ ತನಕ ಎಳೆದುಕೊಂಡು ಹೋದರು. ನಾಚಿಕೆ ಇಲ್ವಾ ಅಂತ ಬಾ ಕೇಳಿದ ಮೇಲೆ ತಣ್ಣಗಾದರು. ತಪ್ಪನ್ನ ತಾವೇ ಬರೆದುಕೊಂಡಿದ್ದಾರೆ, ಅದು ದೊಡ್ಡತನ. ಆದರೆ ನನಗೆ ಅಂಟಿಕೊಂಡಿದ್ದು ಆ 'ನಗುನಗುತ್ತಾ'. ಆದರ್ಶ ಒಬ್ಬರದು, ಪಾತ್ರೆ ಇನ್ನೊಬ್ಬರ ಕೈಯಲ್ಲಿ.

ನಮ್ಮನೆಯಲ್ಲೂ ಅದೇ ಆಗಿತ್ತು ಅಂತ ತಿಳಿದಿದ್ದು ಎರಡನೇ ತಿಂಗಳಲ್ಲಿ. ಮಳೆಗಾಲ ಬೇರೆ. ಬಟ್ಟೆ ಒಣಗಲ್ಲ, ಗೋಡೆಗೆ ಬೂಷ್ಟು, ಚಪ್ಪಲಿಗೆ ಕೆಂಪು ಕೆಸರು. "ನಾನು ಪ್ರತಿ ವಾರ ಹೆಲ್ಪ್ ಮಾಡ್ತಿದೀನಲ್ಲ" ಅಂದುಬಿಟ್ಟೆ. ಹೆಂಡತಿ ಬ್ರಷ್ ಕೆಳಗಿಟ್ಟಳು. "ಯಾರಿಗೆ ಹೆಲ್ಪು? ಫಿನೈಲ್ ಮುಗಿದಿದ್ದು ನಿಂಗೆ ಗೊತ್ತಾ? ಹಾಸಿಗೆ ಕವರ್ ಯಾವತ್ತು ಬದಲಾಯಿಸಿದ್ದು? ನೀನು ಕಣ್ಣಿಗೆ ಕಂಡಿದ್ದು ಗುಡಿಸ್ತೀಯ. ಕಾಣದೆ ಇರೋದೆಲ್ಲ ನನ್ನ ತಲೇಲಿ ಇರುತ್ತೆ."

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೆನಪಾಯ್ತು. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97. ಅದೂ ಮಾಡೋ ಗಂಡಸರ ಲೆಕ್ಕ. ಮಾಡೋರೇ ನೂರಕ್ಕೆ 26. ನಾನು ಆ 26ರಲ್ಲಿ ಒಬ್ಬ ಅಂತ ಬೀಗ್ತಿದ್ದೆ. ತಲೆಯಲ್ಲಿ ಇಟ್ಟುಕೊಳ್ಳೋ ಕೆಲಸವನ್ನ ನಿಮಿಷದಲ್ಲಿ ಅಳೆಯೋದು ಹೇಗೋ.

ಆಮೇಲೆ ಒಂದು ನೋಟ್‌ಬುಕ್ ಬಂತು. ಫಿನೈಲು, ಸೋಪು, ಫ್ಯಾನ್ ಒರೆಸೋ ದಿನ, ಜೇಡರ ಬಲೆ, ಎಲ್ಲ ನೆನಪಿಡೋದು ನನ್ನ ಪಾಲು. ಬಚ್ಚಲು ವಾರ ಬಿಟ್ಟು ವಾರ. ಶನಿವಾರ ಒಂದೂವರೆ ಗಂಟೆ, ಮುಗೀದೇ ಇದ್ದಿದ್ದು ಮುಂದಿನ ವಾರಕ್ಕೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಅಂತಾರೆ ಅಮ್ಮ. ಇಬ್ಬರೂ ದುಡಿಯೋ ಮನೆಯಲ್ಲಿ ದೀಪ ಹಚ್ಚಿದ ಮೇಲೇ ಪೊರಕೆಗೆ ಪುರುಸೊತ್ತು. ಲಕ್ಷ್ಮಿ ಅರ್ಥ ಮಾಡ್ಕೋತಾಳೆ.

ಇಷ್ಟಾದರೂ ಒಂದು ಲೆಕ್ಕ ಬಗೆಹರೀತಿರಲಿಲ್ಲ. ನನ್ನ ಸ್ವಾವಲಂಬನೆಯಿಂದ ಉಳಿದ ದುಡ್ಡು ಅಕ್ಕನ ಮನೆ ಅಕ್ಕಿಯ ದುಡ್ಡು. ಮನೆಗೆಲಸಕ್ಕೂ ಕನಿಷ್ಠ ವೇತನ ಅಂತ ಕರ್ನಾಟಕ ಸರ್ಕಾರ 2004ರಲ್ಲೇ ಅಧಿಸೂಚನೆ ಹೊರಡಿಸಿದೆ. ನಮ್ಮ ಬೀದಿಯಲ್ಲಿ ಅದನ್ನ ನೋಡಿ ಸಂಬಳ ಕೊಟ್ಟವರನ್ನ ನಾನು ಕಂಡಿಲ್ಲ. ನಾನೂ ಪಕ್ಕದ ಮನೆಯವರು ಎಷ್ಟು ಕೊಡ್ತಾರೆ ಅಂತ ಕೇಳಿಯೇ ಕೊಟ್ಟವನು. ಬೇರೆಯವರ ಕೈಲಿ ಕೆಲಸ ಮಾಡಿಸೋದೇ ತಪ್ಪು ಅನ್ನೋದು ಸುಲಭದ ಉತ್ತರ, ಯಾಕಂದ್ರೆ ಅದರಲ್ಲಿ ನನಗೆ ಖರ್ಚಿಲ್ಲ. ರಜೆ, ಸರಿಯಾದ ಸಂಬಳ, ನಂಬಿಕೆ, ಇವಕ್ಕೆ ಖರ್ಚಿದೆ.

ಐದು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದರು: ಮೊಮ್ಮಗ ಚೆನ್ನಾಗಿದ್ದಾನೆ, ಕೆಲಸ ಇದೆಯಾ? ನಾವಿಬ್ಬರೂ ಮೊದಲೇ ಕೂತು ಮಾತಾಡಿಕೊಂಡಿದ್ವಿ. ವಾರಕ್ಕೆ ಮೂರು ದಿನ, ಸಂಬಳ ಮೊದಲಿನಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿ. ಹಬ್ಬಕ್ಕೆ, ಹುಷಾರಿಲ್ಲದಾಗ ಕಟ್ ಇಲ್ಲ. ಬಚ್ಚಲು ನಮ್ಮದು, ಶನಿವಾರ ನಮ್ಮದು. ಅಕ್ಕ ಎಲ್ಲ ಕೇಳಿಸಿಕೊಂಡು "ಬಚ್ಚಲು ಯಾಕೆ ಸಾರ್, ನಾನು ಸರಿಯಾಗಿ ತೊಳೀತಿರ್ಲಿಲ್ವಾ?" ಅಂದರು. ನಾನು ಉತ್ತರಕ್ಕೆ ತಡಕಾಡಿದೆ. "ಇವ್ರಿಗೆ ಅಭ್ಯಾಸ ತಪ್ಪಬಾರದು ಅಂತ ಅಕ್ಕಾ" ಅಂದಳು ಹೆಂಡತಿ.

ಮೊದಲ ದಿನ ಬಂದವರೇ ಸೋಫಾ ಸರಿಸಿದರು. "ಐದು ತಿಂಗಳಲ್ಲಿ ಇದರ ಕೆಳಗೆ ಒಂದಿನಾನೂ ಗುಡಿಸಿಲ್ಲ ಅಲ್ವಾ?" ಮಗಳು ನನ್ನನ್ನ ನೋಡಿದಳು. ಕೆಳಗಿಂದ ಮೂರು ಬಣ್ಣದ ಪೆನ್ಸಿಲ್, ಚೆಸ್ಸಿನ ಕುದುರೆ, ಹತ್ತು ರೂಪಾಯಿಯ ನಾಣ್ಯ ಒಂದು ಬಂತು. ನಾಣ್ಯವನ್ನ ಸೀರೆ ಸೆರಗಿಗೆ ಒರೆಸಿ ನನ್ನ ಕಡೆ ಹಿಡಿದರು.

"ಬಿದ್ದಿದ್ದಾ, ಇಟ್ಟಿದ್ದಾ?"

"ಬಿದ್ದಿದ್ದು ಅಕ್ಕಾ. ಆವತ್ತಿಂದು ಇಟ್ಟಿದ್ದು."

"ಗೊತ್ತು" ಅಂದು ಅದನ್ನ ಫ್ರಿಜ್ ಮೇಲೆ ಡಬ್ಬಿ ಕೆಳಗಿಟ್ಟು, ಪೊರಕೆ ತಗೊಂಡು ಒಳಗೆ ಹೋದರು.